ಕಡಲಿನ ಎತ್ತರ ಅಳೆಯಲು ಹೋಗಿ ಭೂಮಿಯ ಸೆಳೆತ ಅಳೆದ ಕಥೆ

ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲ ಹೆಸರು ದಾಖಲಾದದ್ದು 1975ರ ಜೂನ್‌ನಲ್ಲಿ. ಅದಕ್ಕೆ ಎರಡು ತಿಂಗಳ ಮೊದಲು, ಅದೇ ವರ್ಷದ ಏಪ್ರಿಲ್‌ನಲ್ಲಿ, ಹತ್ತು ದಿನಗಳ ಅಂತರದಲ್ಲಿ ಎರಡು ಉಪಗ್ರಹಗಳು ಆಕಾಶಕ್ಕೇರಿದವು. ಏಪ್ರಿಲ್ 19ರಂದು ಏರಿದ ಆರ್ಯಭಟದ ಹೆಸರು ಎಲ್ಲರಿಗೂ ಗೊತ್ತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಕಡೆಯ ಅದಮಾರಿನವರಾದ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ತಯಾರಾಗಿ, ಸೋವಿಯತ್ ರಾಕೆಟ್ಟಿನಲ್ಲಿ ಮೇಲೆ ಹೋದ ನಮ್ಮ ಮೊದಲ ಉಪಗ್ರಹ ಅದು. ಏಪ್ರಿಲ್ 9ರಂದು ಅಮೆರಿಕದ ನಾಸಾ ಹಾರಿಸಿದ ಜಿಯೋಸ್-3ರ ಹೆಸರನ್ನು ಮಾತ್ರ ನಾನು ಶಾಲೆಯಲ್ಲಾಗಲಿ ಕಾಲೇಜಿನಲ್ಲಾಗಲಿ ಕೇಳಿರಲಿಲ್ಲ. ಬೆಂಗಳೂರಿನಲ್ಲಿ ನಕ್ಷೆಗಳಿಗೆ ಸಂಬಂಧಿಸಿದ ತಂತ್ರಾಂಶ ಬರೆಯುವ ಕೆಲಸಕ್ಕೆ ಸೇರಿದ ಮೇಲೆ, ಎತ್ತರದ ಲೆಕ್ಕಗಳ ಹಿಂದೆ ಬಿದ್ದಾಗ ಅದು ಕಣ್ಣಿಗೆ ಬಿತ್ತು. ಈ ಐವತ್ತು ವರ್ಷಗಳ ಇತಿಹಾಸದಲ್ಲಿ ಅದರ ಪಾಲು ದೊಡ್ಡದು. ನಮ್ಮ ಶಾಲೆಯಷ್ಟೇ ವಯಸ್ಸಿನ ಒಂದು ವಿದ್ಯೆಯ ಚರಿತ್ರೆ ಈ ಸಂಚಿಕೆಯಲ್ಲಿ ಇರಲಿ ಎಂದು ಬರೆಯುತ್ತಿದ್ದೇನೆ.

ಜಿಯೋಸ್-3 ಮಾಡಿದ ಕೆಲಸ ಹೇಳಲು ಬಹಳ ಸುಲಭ. ಸುಮಾರು 840 ಕಿಲೋಮೀಟರ್ ಎತ್ತರದಿಂದ ಕಡಲಿನ ಕಡೆಗೆ ರೇಡಾರ್ ಮಿಡಿತ ಬಿಡುವುದು; ಅದು ನೀರಿಗೆ ಬಡಿದು ಮರಳಲು ಹಿಡಿದ ಹೊತ್ತನ್ನು ಅಳೆಯುವುದು. ಬೆಳಕಿನ ವೇಗ ಗೊತ್ತಿರುವುದರಿಂದ ಉಪಗ್ರಹಕ್ಕೂ ನೀರಿಗೂ ಎಷ್ಟು ದೂರ ಎಂಬುದು ಸಿಕ್ಕಿತು. ಈ ಉಪಕರಣಕ್ಕೆ ಅಲ್ಟಿಮೀಟರ್, ಅಂದರೆ ಎತ್ತರಮಾಪಕ ಎಂದು ಹೆಸರು. ಉಪಗ್ರಹ ಭೂಮಿಯ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬ ಸಂಖ್ಯೆಯಿಂದ ಈ ದೂರವನ್ನು ಕಳೆದರೆ ಆ ಜಾಗದಲ್ಲಿ ಕಡಲು ಎಷ್ಟು ಎತ್ತರದಲ್ಲಿದೆ ಎಂದು ತಿಳಿಯುತ್ತದೆ. ಒಂದು ಕಳೆಯುವ ಲೆಕ್ಕ, ಅಷ್ಟೆ.

ಆದರೆ ಕಳೆಯುವ ಲೆಕ್ಕದಲ್ಲಿ ಎರಡು ಸಂಖ್ಯೆಗಳಿರುತ್ತವೆ. ಬಾವಿಗೆ ಹಗ್ಗ ಬಿಟ್ಟು ನೀರು ಎಷ್ಟು ಕೆಳಗಿದೆ ಎಂದು ನೋಡುತ್ತೇವಲ್ಲ, ಕಟ್ಟೆ ಅಲುಗಾಡದೆ ಇರುವುದರಿಂದ ಹಗ್ಗದ ಅಳತೆಯನ್ನು ನಂಬುತ್ತೇವೆ. ಕಟ್ಟೆಯೇ ಮೇಲೆ ಕೆಳಗೆ ಆಡುತ್ತಿದ್ದರೆ, ಎಷ್ಟು ಆಡುತ್ತಿದೆ ಎಂಬುದು ನಮಗೆ ಗೊತ್ತಿಲ್ಲದಿದ್ದರೆ? ಹಗ್ಗ ಎಷ್ಟೇ ನಿಖರವಾಗಿರಲಿ, ನೀರಿನ ಮಟ್ಟ ಏರಿತೋ ಇಳಿಯಿತೋ ಹೇಳಲಾಗದು. ಉಪಗ್ರಹದ ಅಲ್ಟಿಮೀಟರಿಗೆ ಆದದ್ದು ಇದೇ. ರೇಡಾರ್ ಹಗ್ಗ ಬೇಗನೆ ಸುಧಾರಿಸಿತು. ಸೆಕೆಂಡಿಗೆ ಏಳು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುವ ಕಟ್ಟೆ ಎಲ್ಲಿದೆ ಎಂದು ತಿಳಿಯಲು ಮಾತ್ರ ದಶಕಗಳು ಹಿಡಿದವು. ಅದಕ್ಕೆ ಮುಖ್ಯ ಕಾರಣ ಭೂಮಿಯ ಗುರುತ್ವ.

ನಮ್ಮ ವಿಜ್ಞಾನದ ಮೇಷ್ಟ್ರು ಹಲಗೆಯ ಮೇಲೆ g = 9.8 ಎಂದು ಬರೆದು ಲೆಕ್ಕ ಹಾಕಿಸುತ್ತಿದ್ದರು. ಪರೀಕ್ಷೆಗೆ ಅದು ಸಾಕು. ಭೂಮಿ ಮಾತ್ರ ಆ ಒಂದು ಸಂಖ್ಯೆಗೆ ಒಪ್ಪುವುದಿಲ್ಲ. ಸಮಭಾಜಕದ ಬಳಿ ಅದು 9.78, ಧ್ರುವದ ಬಳಿ 9.83. ಇದು ದೊಡ್ಡ ವ್ಯತ್ಯಾಸ. ಇದರೊಳಗೆ ಸಣ್ಣ ಸಣ್ಣ ಏರುಪೇರುಗಳು ಸಾವಿರಾರಿವೆ: ಒಂದು ಕಡೆ ಭಾರದ ಬಂಡೆ, ಇನ್ನೊಂದು ಕಡೆ ಹಗುರ ಕಲ್ಲು, ಮತ್ತೊಂದು ಕಡೆ ಆಳದಲ್ಲಿ ಬಿಸಿಯಾಗಿ ಹಗುರವಾದ ಭಾಗ. ಉಪಗ್ರಹ ಒಂದು ಭಾರದ ಪ್ರದೇಶದತ್ತ ಬರುವಾಗ ಮುಂದಕ್ಕೆ ಕೊಂಚ ಹೆಚ್ಚು ಸೆಳೆಯಲ್ಪಡುತ್ತದೆ, ದಾಟಿದ ಮೇಲೆ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಅದರ ದಾರಿ ಅಷ್ಟಷ್ಟು ಏರುತ್ತದೆ, ಇಳಿಯುತ್ತದೆ. ಎಲ್ಲಿ ಎಷ್ಟು ಭಾರವಿದೆ ಎಂಬ ಪಟ್ಟಿಗೆ ಗುರುತ್ವ ಮಾದರಿ ಎನ್ನುತ್ತಾರೆ. ಆ ಪಟ್ಟಿ ತಪ್ಪಿದರೆ ಕಕ್ಷೆಯ ಲೆಕ್ಕ ತಪ್ಪುತ್ತದೆ. ಕಕ್ಷೆ ತಪ್ಪಿದರೆ ಕಡಲಿನ ಎತ್ತರ ತಪ್ಪುತ್ತದೆ.

ಕಾಣದ ಭಾರವೊಂದು ಅಳತೆಯನ್ನು ಕೆಡಿಸುತ್ತದೆ ಎಂಬ ಪಾಠ ಉಪಗ್ರಹಗಳಿಗಿಂತ ಹಳೆಯದು. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲೇ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆ ಅಳೆದರು. ಟಿಪ್ಪು ಮಡಿದ ಮರುವರ್ಷ ಅದು. 1802ರಲ್ಲಿ ಮದ್ರಾಸಿನಿಂದ ಶುರುವಾದ ಭಾರತದ ಮಹಾ ತ್ರಿಕೋನ ಸರ್ವೆಗೆ ಬೆಂಗಳೂರಿನ ಅಳತೆಯೇ ಮುನ್ನುಡಿ. ಲ್ಯಾಂಬ್ಟನ್ ನಂತರ ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದರು. ಮಧ್ಯಭಾರತದ ಕಲ್ಯಾಣಪುರ ಮತ್ತು ಉತ್ತರದ ಕಲಿಯಾನ ಎಂಬ ಎರಡು ಠಾಣೆಗಳ ನಡುವಿನ ಅಂತರವನ್ನು ಎರಡು ರೀತಿಯಲ್ಲಿ ನೋಡಿದರು: ನೆಲದ ಮೇಲೆ ತ್ರಿಕೋನಗಳಿಂದ, ಆಕಾಶದಲ್ಲಿ ನಕ್ಷತ್ರಗಳಿಂದ. ಎರಡೂ ಹೊಂದಲಿಲ್ಲ. ವ್ಯತ್ಯಾಸ 5.236 ಸೆಕೆಂಡ್ ಕೋನ. ನೆಲದ ಮೇಲೆ ಅದು ಸುಮಾರು 160 ಮೀಟರ್.

ಕಲ್ಕತ್ತೆಯಲ್ಲಿ ಪಾದ್ರಿಯಾಗಿದ್ದ, ಗಣಿತ ಬಲ್ಲ ಜಾನ್ ಹೆನ್ರಿ ಪ್ರ್ಯಾಟ್ ಇದಕ್ಕೆ ಕಾರಣ ಹುಡುಕಿದರು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಕದ ಗುಂಡನ್ನು ನೆನಪಿಸಿಕೊಳ್ಳಿ. ನಕ್ಷತ್ರ ನೋಡುವ ಉಪಕರಣವೂ ಅಂಥದ್ದೇ ಗುಂಡನ್ನು ನಂಬಿ ನಿಲ್ಲುತ್ತದೆ. ಹಿಮಾಲಯದಂಥ ರಾಶಿ ಪಕ್ಕದಲ್ಲಿದ್ದರೆ ಅದು ಗುಂಡನ್ನು ತನ್ನ ಕಡೆಗೆ ಎಳೆಯುತ್ತದೆ. ಪ್ರ್ಯಾಟ್ ಆ ಎಳೆತವನ್ನು ಕೂತು ಲೆಕ್ಕ ಹಾಕಿದರು. ಬಂದ ಉತ್ತರ 15.885 ಸೆಕೆಂಡ್, ಇದ್ದದ್ದಕ್ಕಿಂತ ಮೂರು ಪಟ್ಟು! ಬೆಟ್ಟ ಕಾಣುವಷ್ಟು ಎಳೆಯುತ್ತಿಲ್ಲ. ಅದೇ 1855ರಲ್ಲಿ ಇಂಗ್ಲೆಂಡಿನ ಜಾರ್ಜ್ ಏರಿ, ಬೆಟ್ಟದ ಬುಡ ನೀರಲ್ಲಿ ತೇಲುವ ಮರದ ದಿಮ್ಮಿಯಂತೆ ಕೆಳಗಿನ ಭಾರದ ಪದರದೊಳಗೆ ಇಳಿದಿದೆ, ಮೇಲಿನ ಹೆಚ್ಚಳವನ್ನು ಕೆಳಗಿನ ಹಗುರತನ ಸರಿದೂಗಿಸುತ್ತಿದೆ ಎಂದರು. ಭೂಮಿಯ ಮೇಲ್ಮೈ ನೋಡಿ ಅದರ ಸೆಳೆತವನ್ನು ಊಹಿಸುವಂತಿಲ್ಲ, ಸೆಳೆತವನ್ನೇ ಅಳೆಯಬೇಕು ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ನೆಲದ ಮೇಲೆ ನಿಂತು ಇಡೀ ಭೂಮಿಯನ್ನು, ಅದರಲ್ಲೂ ಮುಕ್ಕಾಲು ಪಾಲು ಕಡಲನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಮುಂದಿನ ನೂರು ವರ್ಷ ಒಳ್ಳೆಯ ಉತ್ತರ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದಾಗ. ಭೂಮಿ ಸಮಭಾಜಕದಲ್ಲಿ ಉಬ್ಬಿದೆ. ನಡುವಿನಿಂದ ಸಮಭಾಜಕಕ್ಕೆ ಇರುವ ದೂರ ಧ್ರುವಕ್ಕಿರುವುದಕ್ಕಿಂತ ಸುಮಾರು 21 ಕಿಲೋಮೀಟರ್ ಹೆಚ್ಚು. ಓರೆಯಾಗಿ ಸುತ್ತುವ ಬುಗುರಿಯ ತಲೆ ಮೆಲ್ಲಗೆ ಸುತ್ತು ಹಾಕುವ ಹಾಗೆ, ಈ ಉಬ್ಬಿನ ಸೆಳೆತಕ್ಕೆ ಉಪಗ್ರಹದ ಕಕ್ಷೆ ಇಡಿಯಾಗಿ ನಿಧಾನವಾಗಿ ತಿರುಗುತ್ತದೆ. ಎಷ್ಟು ತಿರುಗಿತು ಎಂದು ನೋಡಿದರೆ ಉಬ್ಬು ಎಷ್ಟು ಎಂದು ತಿಳಿಯುತ್ತದೆ. ಭೂಮಿಯ ಚಪ್ಪಟೆತನವನ್ನು 297ರಲ್ಲಿ ಒಂದು ಪಾಲು ಎಂದು ದಶಕಗಳಿಂದ ನಂಬಿದ್ದರು. ಮೊದಲ ಒಂದೆರಡು ವರ್ಷಗಳ ಉಪಗ್ರಹಗಳೇ ಅದನ್ನು 298.3ರಲ್ಲಿ ಒಂದು ಎಂದು ತಿದ್ದಿದವು. 1958ರ ಮಾರ್ಚ್ 17ರಂದು ಹಾರಿದ ವ್ಯಾನ್‌ಗಾರ್ಡ್-1 ಮೂಸಂಬಿಗಿಂತ ತುಸು ದೊಡ್ಡ, ಒಂದೂವರೆ ಕಿಲೋ ತೂಕದ ಗೋಲ. ಅದರ ಕಕ್ಷೆಯ ಆಕಾರ ಸುಮಾರು 80 ದಿನಗಳಿಗೊಮ್ಮೆ ಉಸಿರಾಡಿದಂತೆ ಬದಲಾಗುವುದನ್ನು ಜಾನ್ ಓಕೀಫ್ ಮತ್ತು ಸಂಗಡಿಗರು ಗಮನಿಸಿ, 1959ರಲ್ಲಿ ಭೂಮಿ ಒಂದಿಷ್ಟು ಪೇರಳೆ ಹಣ್ಣಿನಂತಿದೆ ಎಂದರು. ಪತ್ರಿಕೆಗಳಿಗೆ ಇದು ಬಹಳ ಹಿಡಿಸಿತು. ನಿಜದಲ್ಲಿ ಆ ಪೇರಳೆತನ ಹದಿನೈದು ಮೀಟರ್ ಆಸುಪಾಸಿನದು, ಕಣ್ಣಿಗೆ ಕಾಣುವಂಥದ್ದಲ್ಲ. ವ್ಯಾನ್‌ಗಾರ್ಡ್ ಈಗಲೂ ಮೌನವಾಗಿ ಸುತ್ತುತ್ತಲೇ ಇದೆ.

ಕಕ್ಷೆಯ ಈ ತಿರುಗುವಿಕೆಯಿಂದ ಉಪಯೋಗವೂ ಆಯಿತು. ಎತ್ತರ ಮತ್ತು ಓರೆಯನ್ನು ಹದವಾಗಿ ಆರಿಸಿದರೆ ಕಕ್ಷೆ ದಿನಕ್ಕೆ ಸುಮಾರು ಒಂದು ಡಿಗ್ರಿಯಂತೆ ಸೂರ್ಯನ ಜೊತೆಗೇ ತಿರುಗುತ್ತದೆ, ಉಪಗ್ರಹ ಒಂದು ಊರಿನ ಮೇಲೆ ಯಾವಾಗಲೂ ಒಂದೇ ಹೊತ್ತಿಗೆ ಹಾಯುತ್ತದೆ. ಭಾರತದ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಅಂಥ ಕಕ್ಷೆಗೆ ಹೋದದ್ದು 1988ರ ಮಾರ್ಚ್ 17ರಂದು. ಮಾರ್ಚ್ 17 ಈ ಕಥೆಯಲ್ಲಿ ಇನ್ನೆರಡು ಸಲ ಬರುತ್ತದೆ. ಕಾಕತಾಳೀಯ ಎನ್ನಿ.

ಗುರುತ್ವದ ಪಟ್ಟಿಗೆ ಹಣ ಸುರಿದವರು ಮೊದಲಿಗೆ ವಿಜ್ಞಾನಿಗಳಲ್ಲ, ನೌಕಾಪಡೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ಸ್ಪುಟ್ನಿಕ್‌ನ ಬೀಪ್ ಸದ್ದಿನ ಏರಿಳಿತದಿಂದಲೇ ಅದರ ಕಕ್ಷೆ ಕಂಡುಹಿಡಿದರು. ದಾಟಿಹೋಗುವ ಬಸ್ಸಿನ ಹಾರನ್ನು ಹತ್ತಿರ ಬರುವಾಗ ಕೀರಲಾಗಿ, ದೂರ ಸರಿಯುವಾಗ ದಪ್ಪಗೆ ಕೇಳುವುದಿಲ್ಲವೇ, ಅದೇ ತತ್ವ. ಅವರ ಮೇಲಧಿಕಾರಿ ಮೆಕ್‌ಲ್ಯೂರ್ ಲೆಕ್ಕವನ್ನು ತಿರುಗಿಸಿ ಕೇಳಿದರು: ಉಪಗ್ರಹ ಎಲ್ಲಿದೆ ಎಂದು ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆ ಎಂದು ತಿಳಿಯಬಹುದಲ್ಲ? ಹೀಗೆ ಜಲಾಂತರ್ಗಾಮಿಗಳಿಗೆ ದಾರಿ ಹೇಳುವ ಟ್ರಾನ್ಸಿಟ್ ವ್ಯವಸ್ಥೆ ಹುಟ್ಟಿತು, ಇಂದಿನ ಜಿಪಿಎಸ್‌ಗೆ ಹಿರಿಯಕ್ಕ. "ಉಪಗ್ರಹ ಎಲ್ಲಿದೆ ಎಂದು ಗೊತ್ತಿದ್ದರೆ" ಎಂಬ ಮಾತಿನಲ್ಲೇ ತೊಡಕು ಕೂತಿತ್ತು. ಟ್ರಾನ್ಸಿಟ್‌ನ ತಪ್ಪುಗಳಲ್ಲಿ ಅತಿ ದೊಡ್ಡದು ಗುರುತ್ವ ಮಾದರಿಯದೇ. ಮಾದರಿ ತಿದ್ದುತ್ತ ಹೋದಂತೆ ಹಡಗಿನ ಸ್ಥಾನ ನಿಖರವಾಗುತ್ತ ಹೋಯಿತು.

ಮಾದರಿ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಣ್ಣಿಗೆ ಕಟ್ಟುವ ಉದಾಹರಣೆ ಬೇಕಾದರೆ ಚಂದ್ರನ ಕಡೆ ಒಮ್ಮೆ ನೋಡಬಹುದು. ಚಂದ್ರನ ಬಯಲುಗಳ ಕೆಳಗೆ ಭಾರದ ಗಡ್ಡೆಗಳಿವೆ ಎಂದು 1968ರಲ್ಲಿ ತಿಳಿದಿತ್ತು, ಪೂರ್ತಿ ಪಟ್ಟಿ ಇರಲಿಲ್ಲ. 1972ರ ಏಪ್ರಿಲ್‌ನಲ್ಲಿ ಅಪೋಲೋ 16 ಯಾತ್ರಿಗಳು ಒಂದು ಪುಟ್ಟ ಉಪಗ್ರಹವನ್ನು ಚಂದ್ರನ ಸುತ್ತ ಬಿಟ್ಟು ಬಂದರು. ಅಸಮ ಸೆಳೆತಕ್ಕೆ ಅದರ ಕಕ್ಷೆ ಕೆಟ್ಟು, 35 ದಿನಗಳಲ್ಲಿ ಅದು ಚಂದ್ರನ ನೆಲಕ್ಕೇ ಬಡಿಯಿತು. ಭೂಮಿಯ ಉಪಗ್ರಹಗಳು ಹಾಗೆ ಬೀಳುವುದಿಲ್ಲ. ಇಲ್ಲಿ ತಪ್ಪು ಸದ್ದಿಲ್ಲದೆ ಅಂಕಿಗಳೊಳಗೆ ಸೇರಿಕೊಳ್ಳುತ್ತದೆ, ಮತ್ತು ನನಗೆ ಅದೇ ಹೆಚ್ಚು ಅಪಾಯಕಾರಿ ಅನಿಸುತ್ತದೆ.

ಈಗ ಜಿಯೋಸ್-3ಕ್ಕೆ ಮರಳೋಣ. ಅದರ ರೇಡಾರ್ ಕೆಲವು ಹತ್ತು ಸೆಂಟಿಮೀಟರುಗಳ ಮಟ್ಟದಲ್ಲಿ ಅಳೆಯಬಲ್ಲದಾಗಿತ್ತು. ಕಕ್ಷೆಯ ತಪ್ಪು ಮೀಟರುಗಟ್ಟಲೆ. 1978ರ ಜೂನ್‌ನಲ್ಲಿ ಹಾರಿದ ಸೀಸ್ಯಾಟ್‌ನ ರೇಡಾರ್ ಇನ್ನೂ ಉತ್ತಮ, ಹತ್ತು ಸೆಂಟಿಮೀಟರ್ ಮಟ್ಟದ್ದು. ವಿದ್ಯುತ್ ಶಾರ್ಟ್ ಸರ್ಕ್ಯೂಟಿನಿಂದ ಅದು ಅಕ್ಟೋಬರ್‌ನಲ್ಲಿ, ನೂರು ಚಿಲ್ಲರೆ ದಿನಗಳಿಗೇ ಸತ್ತುಹೋಯಿತು. ಅದರ ಕಕ್ಷೆಯ ತಪ್ಪು ಮೊದಲಿಗೆ ಕೆಲವು ಮೀಟರ್. ಅದಕ್ಕೆಂದೇ ತಯಾರಿಸಿದ ಗುರುತ್ವ ಮಾದರಿ ಬಂದ ಮೇಲೆ ಒಂದೂವರೆ ಮೀಟರ್ ಸುಮಾರಿಗೆ ಇಳಿಯಿತು. ಕಡಲ ಪ್ರವಾಹಗಳಿಂದ ನೀರಿನ ಮಟ್ಟದಲ್ಲಿ ಆಗುವ ಏರಿಳಿತ ಹೆಚ್ಚೆಂದರೆ ಒಂದು ಮೀಟರಿನಷ್ಟು. ಅಂದರೆ ಹುಡುಕುವ ವಸ್ತುವಿಗಿಂತ ತಪ್ಪೇ ದೊಡ್ಡದು.

ಒಬ್ಬ ಉಪಗ್ರಹಕ್ಕೆಂದೇ ಮಾದರಿ ತಯಾರಿಸುವುದು ಅಳತೆ ಕೊಟ್ಟು ಅಂಗಿ ಹೊಲಿಸಿದಂತೆ. ಅವನಿಗೆ ಸರಿ ಕೂರುತ್ತದೆ, ಅವನ ತಮ್ಮನಿಗೆ ಕೂರುವುದಿಲ್ಲ. ಬೇರೆ ಓರೆಯ, ಬೇರೆ ಎತ್ತರದ ಉಪಗ್ರಹ ಭೂಮಿಯ ಬೇರೆ ಏರುಪೇರುಗಳಿಗೆ ಓಗೊಡುತ್ತದೆ. ಎಲ್ಲರಿಗೂ ಆಗುವ ಮಾದರಿ ಬೇಕೆಂದರೆ ನಾನಾ ಓರೆಗಳ ಹತ್ತಾರು ಉಪಗ್ರಹಗಳ ದಾರಿಗಳನ್ನು ಒಟ್ಟಿಗೆ ಕೂಡಿಸಿ ಬಿಡಿಸಬೇಕು.

ಈ ಇತಿಹಾಸದಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ ಭಾಗವೆಂದರೆ ಈ ತಪ್ಪಿನ ಸ್ವಭಾವ. ಸಾಮಾನ್ಯವಾಗಿ ಅಳತೆಯಲ್ಲಿ ಅನುಮಾನ ಬಂದರೆ ಹತ್ತು ಸಲ ಅಳೆದು ಸರಾಸರಿ ತೆಗೆಯುತ್ತೇವೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬಂದು ತಪ್ಪುಗಳು ಒಂದನ್ನೊಂದು ನುಂಗುತ್ತವೆ. ಆದರೆ ಅಂಗಡಿಯ ತಕ್ಕಡಿಯೇ ಒಂದು ಕಡೆಗೆ ವಾಲಿದ್ದರೆ? ನೂರು ಸಲ ತೂಗಿದರೂ ನೂರು ಗ್ರಾಂ ಕಡಿಮೆಯೇ. ಗುರುತ್ವ ಮಾದರಿಯ ತಪ್ಪು ತಕ್ಕಡಿಯ ಜಾತಿಯದು. ಭೂಮಿಯ ಭಾರ ನೆಲಕ್ಕೆ ಅಂಟಿಕೊಂಡಿರುವುದರಿಂದ, ಉಪಗ್ರಹ ಪ್ರತಿ ಸಲ ಅದೇ ಕಡಲಿನ ಮೇಲೆ ಹಾದಾಗಲೂ ಅದೇ ತಪ್ಪು ಅದೇ ಪ್ರಮಾಣದಲ್ಲಿ ಮರುಕಳಿಸುತ್ತದೆ. ಹತ್ತು ವರ್ಷದ ಸರಾಸರಿ ತೆಗೆದರೂ ಅದು ಕರಗುವುದಿಲ್ಲ. ಆ ಕಡಲೇ ಅಷ್ಟು ಎತ್ತರ ಎಂದು ನಂಬಿಸಿಬಿಡುತ್ತದೆ.

ಇದನ್ನು ಹಿಡಿಯಲು ಒಂದು ಜಾಣ ಉಪಾಯವಿತ್ತು. ಉಪಗ್ರಹ ದಕ್ಷಿಣದಿಂದ ಉತ್ತರಕ್ಕೆ ಹೋಗುವ ದಾರಿಯೂ ಉತ್ತರದಿಂದ ದಕ್ಷಿಣಕ್ಕೆ ಬರುವ ದಾರಿಯೂ ಕಡಲ ಮೇಲೆ ಸಾವಿರಾರು ಕಡೆ ಅಡ್ಡ ಹಾಯುತ್ತವೆ. ಆ ಕೂಡುಬಿಂದುವಿನಲ್ಲಿ ಕಡಲು ಒಂದೇ, ಆದ್ದರಿಂದ ಎರಡು ಅಳತೆಗಳು ಬೇರೆಯಾದರೆ ವ್ಯತ್ಯಾಸದ ಬಹುಪಾಲು ಕಕ್ಷೆಯ ತಪ್ಪು. ಇದರಿಂದ ಎಷ್ಟೋ ತಪ್ಪು ಸಿಕ್ಕಿಬಿತ್ತು. ಆದರೆ ಗಣಿತ ಬಿಡಿಸಿ ನೋಡಿದವರು ಒಂದು ಕಹಿ ಸತ್ಯ ಕಂಡರು. ಗುರುತ್ವದ ತಪ್ಪಿಗೆ ಎರಡು ಪಾಲು. ಏರುದಾರಿಯಲ್ಲಿ ಹೆಚ್ಚು, ಇಳಿದಾರಿಯಲ್ಲಿ ಅಷ್ಟೇ ಕಡಿಮೆ ತೋರಿಸುವ ಪಾಲು ಒಂದು. ಅದು ಕೂಡುಬಿಂದುವಿನಲ್ಲಿ ಸಿಕ್ಕಿಬೀಳುತ್ತದೆ. ಎರಡೂ ದಾರಿಗಳಲ್ಲಿ ಒಂದೇ ದಿಕ್ಕಿಗೆ ತಪ್ಪಿಸುವ ಪಾಲು ಇನ್ನೊಂದು. ಕಳೆದಾಗ ಅದು ಸೊನ್ನೆಯಾಗಿಬಿಡುತ್ತದೆ. ಅಂದರೆ ಆ ಉಪಗ್ರಹದ ಅಲ್ಟಿಮೀಟರ್ ಅಂಕಿಗಳನ್ನು ಎಷ್ಟೇ ಜಾಲಿಸಿದರೂ ಈ ಪಾಲು ಸಿಗದು. ಅದಕ್ಕೆ ಹೊರಗಿನ ಸಾಕ್ಷಿ ಬೇಕು: ಗುರುತ್ವವನ್ನೇ ಸರಿಯಾಗಿ ತಿಳಿಯಬೇಕು. ಬೇರೆ ದಾರಿಯಿಲ್ಲ.

1980ರ ದಶಕದಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಜೊತೆಗೂಡಿ ಟೋಪೆಕ್ಸ್/ಪೊಸೈಡನ್ ಯೋಜನೆ ರೂಪಿಸುವಾಗ ಈ ಪಾಠ ಚೆನ್ನಾಗಿ ತಲೆಗಿಳಿದಿತ್ತು. ಆ ಉಪಗ್ರಹವನ್ನು 1336 ಕಿಲೋಮೀಟರ್ ಎತ್ತರಕ್ಕೆ ಕಳಿಸಲು ತೀರ್ಮಾನಿಸಿದ್ದಕ್ಕೆ ಒಂದು ಮುಖ್ಯ ಕಾರಣ ಗುರುತ್ವ. ಮೇಲೆ ಹೋದಷ್ಟೂ ಸಣ್ಣ ಏರುಪೇರುಗಳ ಸೆಳೆತ ಮಂಕಾಗುತ್ತದೆ, ಗಾಳಿಯ ತಡೆಯೂ ಕಡಿಮೆ. ಆದರೂ ಅಂದಿನ ಮಾದರಿಗಳಿಂದ ಎತ್ತರದಲ್ಲಿ ಅರ್ಧ ಮೀಟರಿನಷ್ಟು ತಪ್ಪು ಬರುವ ಅಂದಾಜಿತ್ತು. ಗುರಿ ಇಟ್ಟದ್ದು ಒಟ್ಟು 13 ಸೆಂಟಿಮೀಟರ್. ಹಾಗಾಗಿ ಉಪಗ್ರಹ ಹಾರುವ ಮೊದಲೇ ವರ್ಷಗಟ್ಟಲೆ ಮಾದರಿಯ ಕೆಲಸ ನಡೆಯಿತು. ನಾಸಾದ ಗಾಡರ್ಡ್ ಕೇಂದ್ರ, ಟೆಕ್ಸಾಸ್ ವಿಶ್ವವಿದ್ಯಾಲಯ, ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಗಳವರು ಹಳೆಯ ಹತ್ತಾರು ಉಪಗ್ರಹಗಳ ಲೇಸರ್, ರೇಡಿಯೋ ದಾಖಲೆಗಳನ್ನು ಮತ್ತೆ ತೆರೆದು, ನೆಲದ ಗುರುತ್ವ ಅಳತೆಗಳನ್ನೂ ಸೇರಿಸಿ ಜೆಜಿಎಂ ಎಂಬ ಮಾದರಿಗಳ ಸರಣಿ ಕಟ್ಟಿದರು. ಅಂಥ ಮಾದರಿಯೆಂದರೆ ಸುಮಾರು 5,000 ಸಂಖ್ಯೆಗಳ ಒಂದು ಪಟ್ಟಿ, ಪ್ರತಿಯೊಂದೂ ಭೂಮಿಯ ಸೆಳೆತದ ಒಂದೊಂದು ಅಲೆಯನ್ನು ಹೇಳುತ್ತದೆ. ಫೋರ್ಟ್ರಾನ್ ಭಾಷೆಯಲ್ಲಿ ಬರೆದ, ಗಾಡರ್ಡ್‌ನ ಜಿಯೋಡಿನ್‌ನಂಥ ಪ್ರೋಗ್ರಾಮುಗಳು ದಶಕಗಳ ಕಾಲ ಈ ಲೆಕ್ಕ ಹೊತ್ತು ನಡೆದವು. ನಾನು ಬರೆದ ಪ್ರೋಗ್ರಾಮು ಎರಡು ವರ್ಷ ಬಾಳಿದರೆ ಅದೇ ಪುಣ್ಯ. ಹಾಗಾಗಿ ಅವರ ಬಗ್ಗೆ ನನಗೆ ಸ್ವಲ್ಪ ಅಸೂಯೆಯೇ ಇದೆ.

1992ರ ಆಗಸ್ಟ್ 10ರಂದು ಟೋಪೆಕ್ಸ್ ಹಾರಿತು. ಲೇಸರ್ ಠಾಣೆಗಳ ಜೊತೆಗೆ ಫ್ರಾನ್ಸಿನ ಡೋರಿಸ್ ರೇಡಿಯೋ ಜಾಲ, ಪ್ರಯೋಗಕ್ಕೆಂದು ಜಿಪಿಎಸ್ ಗ್ರಾಹಕ, ಎಲ್ಲವೂ ಅದರಲ್ಲಿದ್ದವು. ಮೊದಲು ಉಪಗ್ರಹ ಠಾಣೆಗಳ ಕಣ್ಣಿಗೆ ಬೀಳುತ್ತಿದ್ದದ್ದು ಆಗೀಗ, ದಕ್ಷಿಣ ಗೋಳಾರ್ಧದ ಕಡಲುಗಳ ಮೇಲಂತೂ ಬಹುತೇಕ ಇಲ್ಲವೇ ಇಲ್ಲ. ಆ ಖಾಲಿ ದಾರಿಯನ್ನು ಮಾದರಿಯೇ ನಡೆಸಬೇಕಿತ್ತು. ಈಗ ಕಾವಲು ಹೆಚ್ಚುಕಡಿಮೆ ನಿರಂತರವಾಯಿತು. ಫಲಿತಾಂಶ ಗುರಿಯನ್ನೇ ಮೀರಿತು: ಎತ್ತರದ ತಪ್ಪು 3–4 ಸೆಂಟಿಮೀಟರ್. ಜೆಜಿಎಂ-3 ಬಂದ ಮೇಲೆ ಅದರಲ್ಲಿ ಗುರುತ್ವದ ಪಾಲು ಒಂದು ಸೆಂಟಿಮೀಟರ್ ಸುಮಾರು. ಜಿಯೋಸ್-3ರ ಮೀಟರುಗಳಿಂದ ಇಲ್ಲಿಗೆ ಹದಿನೆಂಟು ವರ್ಷದ ದಾರಿ.

ಆಗಲೇ ಜಗತ್ತಿನ ಕಡಲ ಮಟ್ಟ ವರ್ಷಕ್ಕೆ ಎಷ್ಟು ಏರುತ್ತಿದೆ ಎಂದು ಆಕಾಶದಿಂದ ಕೇಳುವ ಧೈರ್ಯ ಬಂದದ್ದು. 1993ರಿಂದ ಈಚೆಗೆ ಸಿಕ್ಕ ಸರಾಸರಿ ಉತ್ತರ ವರ್ಷಕ್ಕೆ ಮೂರು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಒಟ್ಟು ಏರಿಕೆ ಸುಮಾರು ಹತ್ತು ಸೆಂಟಿಮೀಟರ್. ಮೂರು ಮಿಲಿಮೀಟರ್ ಅಂದರೆ ಎರಡು ರೂಪಾಯಿ ನಾಣ್ಯ ಎರಡನ್ನು ಒಂದರ ಮೇಲೊಂದು ಇಟ್ಟಷ್ಟು. ಅದನ್ನು 1336 ಕಿಲೋಮೀಟರ್ ದೂರದಿಂದ ನೋಡುವುದು! ನಂಬದವರು ಇದ್ದರೆ ನಾನು ಅವರನ್ನು ದೂರುವುದಿಲ್ಲ. ನಂಬಿಕೆ ಬರಬೇಕಾದದ್ದು ಅಂಕಿಯಿಂದಲ್ಲ, ಆ ಅಂಕಿಯನ್ನು ಅವರೇ ಎಷ್ಟು ಸಲ ಅನುಮಾನಿಸಿದರು ಎಂಬುದರಿಂದ. 1996ರಲ್ಲಿ ಟೋಪೆಕ್ಸ್‌ನ ಗಡಿಯಾರ ನಿಧಾನವಾಗಿ ಸರಿಯುವುದಕ್ಕೆ ತಿದ್ದುಪಡಿ ಹಾಕುವ ತಂತ್ರಾಂಶದಲ್ಲೇ ದೋಷ ಸಿಕ್ಕಿತು. ಕಡಲು ನಿಜಕ್ಕಿಂತ ವರ್ಷಕ್ಕೆ ಹಲವು ಮಿಲಿಮೀಟರ್ ಹೆಚ್ಚು ಏರುತ್ತಿದೆ ಎಂದು ಅದು ತೋರಿಸಿತ್ತು. ತೀರದ ಅಳತೆಗೋಲುಗಳ ಜೊತೆ ಹೋಲಿಸುವ ಕೆಲಸ ಬಿಡದೆ ನಡೆಸಿದ್ದರು. ದೋಷವನ್ನು ಹೇಳಿ, ಹಳೆಯ ಅಂಕಿಗಳನ್ನೆಲ್ಲ ತಿದ್ದಿದರು.

ಮುಂದಿನ ಹೆಜ್ಜೆ ಗುರುತ್ವವನ್ನೇ ಅಳೆಯಲೆಂದು ಹುಟ್ಟಿದ ಉಪಗ್ರಹಗಳದು. 2002ರ ಮಾರ್ಚ್ 17ರಂದು ಗ್ರೇಸ್ ಎಂಬ ಜೋಡಿ ಹಾರಿತು. ಒಂದರ ಹಿಂದೆ ಒಂದು, ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಜೋಡೆತ್ತಿನಂತೆ ಓಡುವ ಇವುಗಳನ್ನು ತಂಡದವರು ಟಾಮ್ ಮತ್ತು ಜೆರ್ರಿ ಎಂದು ಕರೆಯುತ್ತಿದ್ದರು. ಭಾರದ ಪ್ರದೇಶ ಬಂದಾಗ ಮುಂದಿನದು ಮೊದಲು ಸೆಳೆತಕ್ಕೆ ಸಿಕ್ಕಿ ಅಂತರ ಕೂದಲೆಳೆಗಿಂತ ಕಡಿಮೆ ಪ್ರಮಾಣದಲ್ಲಿ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ. ಆ ವ್ಯತ್ಯಾಸವನ್ನು ಮೈಕ್ರಾನ್ ಮಟ್ಟದಲ್ಲಿ ಅಳೆದರೆ ಕೆಳಗಿನ ಭಾರ ತಿಳಿಯುತ್ತದೆ. ಯುರೋಪಿನ ಗೋಸ್ 2009ರ ಮಾರ್ಚ್ 17ರಂದು ಹಾರಿ, ಸುಮಾರು 255 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ತಡೆಯನ್ನು ಅಯಾನ್ ಎಂಜಿನ್ನಿನಿಂದ ಎದುರಿಸುತ್ತ, 2013ರವರೆಗೆ ಇನ್ನೂ ನಯವಾದ ವಿವರ ತಂದಿತು. ಹಳೆಯ ಮಾದರಿಗಳು ಮೂವತ್ತು ವರ್ಷದಲ್ಲಿ ಕೂಡಿಸಿದ್ದನ್ನು ಗ್ರೇಸ್ ಕೆಲವೇ ತಿಂಗಳ ಅಂಕಿಗಳಿಂದ ಹಿಂದಿಕ್ಕಿತು.

ಇಲ್ಲಿಗೆ ಸಮಸ್ಯೆ ಮುಗಿಯಿತು ಅಂದುಕೊಳ್ಳುವಾಗ ಗ್ರೇಸ್ ಹೊಸ ತಲೆನೋವು ತಂದಿತು. ಭೂಮಿಯ ಸೆಳೆತ ನಿಂತ ನೀರಲ್ಲ, ತಿಂಗಳು ತಿಂಗಳಿಗೆ ಬದಲಾಗುತ್ತದೆ. ಮಳೆಗಾಲದಲ್ಲಿ ನೆಲ ನೀರು ಕುಡಿದು ಭಾರವಾಗುತ್ತದೆ. ಗ್ರೀನ್‌ಲ್ಯಾಂಡಿನ ಹಿಮ ಕರಗಿ ಹಗುರವಾಗುತ್ತದೆ. ನಮ್ಮಲ್ಲಿ ಬೋರ್‌ವೆಲ್ ಕೊರೆಸಿದ ಪ್ರತಿಯೊಬ್ಬರಿಗೂ ಅರ್ಥವಾಗುವ ಉದಾಹರಣೆ ಇದೆ. ರಾಜಸ್ಥಾನ, ಪಂಜಾಬ್, ಹರಿಯಾಣಗಳಲ್ಲಿ 2002ರಿಂದ 2008ರ ನಡುವೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದೆ ಎಂದು ಗ್ರೇಸ್ ಅಂಕಿಗಳಿಂದ ಲೆಕ್ಕ ಹಾಕಿ ರೋಡೆಲ್, ವೆಲಿಕೋನ್ಯ, ಫಾಮಿಲಿಯೆಟ್ಟಿ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನೆಲದಡಿಯಿಂದ ಎತ್ತಿದ ನೀರಿನ ತೂಕ ಕಡಿಮೆಯಾದದ್ದು ನೂರಾರು ಕಿಲೋಮೀಟರ್ ಮೇಲಿದ್ದ ಉಪಗ್ರಹಕ್ಕೆ ತಿಳಿಯಿತು.

ಅಲ್ಟಿಮೀಟರಿನವರಿಗೆ ಇದರ ಅರ್ಥವೇನು? ಒಮ್ಮೆ ತಯಾರಿಸಿ ಕಪಾಟಿನಲ್ಲಿಟ್ಟ ಗುರುತ್ವ ಮಾದರಿ ವರ್ಷ ಕಳೆದಂತೆ ಹಳತಾಗುತ್ತದೆ. ಹಿಮ ಕರಗಿ ಭಾರ ಸರಿದರೆ ಉಪಗ್ರಹದ ನಿಜವಾದ ದಾರಿ ಸರಿಯುತ್ತದೆ, ಮಾದರಿಯ ದಾರಿ ಸರಿಯುವುದಿಲ್ಲ. ಆ ವ್ಯತ್ಯಾಸ ಒಂದು ಸಾಗರದಲ್ಲಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಹುಸಿ ಏರಿಕೆಯಾಗಿ, ಇನ್ನೊಂದರಲ್ಲಿ ಹುಸಿ ಇಳಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಜಗತ್ತಿನ ಸರಾಸರಿಯಲ್ಲಿ ಬಹುಪಾಲು ಹೊಡೆದುಹೋದರೂ, ಅರಬ್ಬೀ ಸಮುದ್ರದಲ್ಲಿ ಎಷ್ಟು, ಬಂಗಾಳ ಕೊಲ್ಲಿಯಲ್ಲಿ ಎಷ್ಟು ಎಂದು ಕೇಳಿದರೆ ಅದು ಕಾಟ ಕೊಡುತ್ತದೆ. ಕರಾವಳಿಯವನಿಗೆ ಬೇಕಾದದ್ದು ತನ್ನ ಕಡಲಿನ ಲೆಕ್ಕವೇ ಹೊರತು ಜಗತ್ತಿನ ಸರಾಸರಿಯಲ್ಲವಲ್ಲ. ಹಾಗಾಗಿ ಕಾಲಕ್ಕೆ ತಕ್ಕಂತೆ ಬದಲಾಗುವ ಮಾದರಿಗಳನ್ನು ಹಾಕಿ ಕಕ್ಷೆಗಳನ್ನು ಮತ್ತೆ ಮತ್ತೆ ಲೆಕ್ಕ ಹಾಕುತ್ತಾರೆ.

ಭಾರತವೂ ಈ ಸಾಲಿನಲ್ಲಿದೆ. ಇಸ್ರೋ ಮತ್ತು ಫ್ರಾನ್ಸಿನ ಸಿನೆಸ್ ಸೇರಿ ಮಾಡಿದ ಸರಳ್ ಉಪಗ್ರಹ 2013ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ20ರಲ್ಲಿ ಹಾರಿತು. ಸುಮಾರು 800 ಕಿಲೋಮೀಟರ್ ಎತ್ತರ, ಅಂದರೆ ಹೆಚ್ಚುಕಡಿಮೆ ಹಳೆಯ ಸೀಸ್ಯಾಟ್‌ನ ಎತ್ತರವೇ. ಅಲ್ಲಿ ಗುರುತ್ವದ ತಪ್ಪು ಒಂದು ಕಾಲಕ್ಕೆ ಮೀಟರುಗಳಲ್ಲಿತ್ತು. ಸರಳ್‌ನ ಕಕ್ಷೆ ಸೆಂಟಿಮೀಟರುಗಳಲ್ಲಿ ತಿಳಿಯಿತು.

ಇಷ್ಟೆಲ್ಲ ಅಳೆದ ಮೇಲೆ ಕಡಲು ಎಂಥ ಆಕಾರದಲ್ಲಿ ಕಂಡಿತು? ಅಲೆ, ಪ್ರವಾಹ, ಉಬ್ಬರವಿಳಿತ ಏನೂ ಇಲ್ಲದೆ ಗುರುತ್ವವೊಂದಕ್ಕೇ ಒಪ್ಪಿ ನಿಂತ ನೀರಿನ ಮಟ್ಟಕ್ಕೆ ಜಿಯಾಯ್ಡ್ ಎನ್ನುತ್ತಾರೆ. ನಮ್ಮ "ಸಮುದ್ರ ಮಟ್ಟದಿಂದ ಎತ್ತರ" ಎಂಬ ಮಾತಿನ ಬೇರು ಅದೇ. ಭಾರ ಹೆಚ್ಚಿರುವಲ್ಲಿ ಅದು ಉಬ್ಬುತ್ತದೆ, ಕಡಿಮೆಯಿರುವಲ್ಲಿ ತಗ್ಗುತ್ತದೆ. ಇಡೀ ಭೂಮಿಯಲ್ಲಿ ಅತಿ ಆಳದ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ನಯವಾದ ಮೊಟ್ಟೆಯಾಕಾರದ ಲೆಕ್ಕದ ಭೂಮಿಗಿಂತ ಅಲ್ಲಿ ಕಡಲು ಸುಮಾರು 106 ಮೀಟರ್ ಕೆಳಗಿದೆ. ಹಡಗಿನಲ್ಲಿ ಹೋದವರಿಗೆ ಅದು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ "ಕೆಳಗೆ" ಎಂಬ ದಿಕ್ಕೇ ಅದಕ್ಕೆ ತಕ್ಕಂತೆ ಓರೆಯಾಗಿದೆ. ಈ ತಗ್ಗಿಗೆ ಕಾರಣ ಹುಡುಕಿ 2023ರಲ್ಲಿ ಪ್ರಬಂಧ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್. ಆಫ್ರಿಕಾದ ಅಡಿಯಿಂದ ಎದ್ದ ಬಿಸಿ, ಹಗುರ ವಸ್ತು ಈ ಪ್ರದೇಶದ ಕೆಳಗೆ ಬಂದು ಸೇರಿದೆ ಎಂಬುದು ಅವರ ವಾದ.

ಆ ತಗ್ಗಿನ ಇಳಿಜಾರಿನಲ್ಲೇ ನಾವೂ ಇದ್ದೇವೆ. ಬೆಂಗಳೂರಿನಲ್ಲಿ ಜಿಯಾಯ್ಡ್ ಲೆಕ್ಕದ ಭೂಮಿಗಿಂತ ಸುಮಾರು 86 ಮೀಟರ್ ಕೆಳಗಿದೆ. ಜಿಪಿಎಸ್ ನೇರವಾಗಿ ಕೊಡುವುದು ಲೆಕ್ಕದ ಭೂಮಿಯಿಂದ ಎತ್ತರ. ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಊರ ಹೆಸರಿನ ಕೆಳಗೆ ಬರೆದಿರುವುದು ಸಮುದ್ರ ಮಟ್ಟದಿಂದ ಎತ್ತರ. ಕೆಲವು ಫೋನ್ ಆಪ್‌ಗಳು ಪರಿವರ್ತನೆ ಮಾಡದೆ ಮೊದಲನೆಯದನ್ನೇ ತೋರಿಸುತ್ತವೆ. ಅಂಥ ಆಪ್ ಹಿಡಿದು ಬೆಂಗಳೂರಿನ ನಿಲ್ದಾಣದಲ್ಲಿ ನಿಂತರೆ ಹಲಗೆಗೂ ಫೋನಿಗೂ ಎಂಬತ್ತಾರು ಮೀಟರ್ ವ್ಯತ್ಯಾಸ ಬರುತ್ತದೆ, ಮತ್ತು ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿ. ಕಾಲುವೆಯ ನೀರು ಹರಿಯುವುದು ಹಲಗೆಯ ಲೆಕ್ಕಕ್ಕೆ, ಫೋನಿನ ಲೆಕ್ಕಕ್ಕಲ್ಲ. ಆದ್ದರಿಂದ ಇಂದಿನ ಸರ್ವೆಯವರು ಜಿಪಿಎಸ್ ಎತ್ತರಕ್ಕೆ ಗುರುತ್ವ ಮಾದರಿಯ ತಿದ್ದುಪಡಿ ಸೇರಿಸಿಯೇ ಮಟ್ಟ ಹಿಡಿಯುತ್ತಾರೆ. ಹಲಗೆಯ ಲೆಕ್ಕಕ್ಕೂ ಒಂದು ಊರಿದೆ: ಭಾರತದ ಎತ್ತರಗಳಿಗೆ ಆಧಾರವಾಗಿ 1909ರಲ್ಲಿ ಹಿಡಿದ ಒಂಬತ್ತು ಬಂದರುಗಳ ಸರಾಸರಿ ಕಡಲ ಮಟ್ಟದಲ್ಲಿ ನಮ್ಮ ಕಾರವಾರವೂ ಒಂದು.

ಟೋಪೆಕ್ಸ್ 2006ರ ಜನವರಿಯಲ್ಲಿ ನಿಂತುಹೋಯಿತು. ಅದು ನಡೆದ ದಾರಿಯಲ್ಲೇ, ಅದೇ 1336 ಕಿಲೋಮೀಟರ್ ಎತ್ತರದಲ್ಲಿ ಜೇಸನ್-1, 2, 3 ನಡೆದವು. 2020ರ ನವೆಂಬರ್ 21ರಂದು ಹಾರಿದ ಸೆಂಟಿನೆಲ್-6 ಈಗಲೂ ಸುಮಾರು ಹತ್ತು ದಿನಕ್ಕೊಮ್ಮೆ ಅದೇ ಗೆರೆಗಳ ಮೇಲೆ ಹಾಯುತ್ತಿದೆ. ಹೊಸ ಗುರುತ್ವ ಮಾದರಿ ಬಂದಾಗಲೆಲ್ಲ ಅದರ ಕಕ್ಷೆಯನ್ನು ಮಾತ್ರವಲ್ಲ, ಸತ್ತುಹೋದ ಟೋಪೆಕ್ಸ್‌ನ ಕಕ್ಷೆಯನ್ನೂ 1992ರ ಮೊದಲ ಸುತ್ತಿನಿಂದ ಹಿಡಿದು ಮತ್ತೊಮ್ಮೆ ಲೆಕ್ಕ ಹಾಕಿ, ಆ ದಿನ ಆ ಕಡಲು ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಹೊಸದಾಗಿ ಬರೆದಿಡುತ್ತಾರೆ.